ಪುಸ್ತಕದಲ್ಲಿ ಬೆಲೆಯಿಲ್ಲ, ಆಕಾಶದಲ್ಲಿ ಬಿಡುವಿಲ್ಲ: ವಯಸ್ಸಾದ ಜೆಟ್ ವಿಮಾನಗಳ ಲೆಕ್ಕಾಚಾರ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ನಗರದ ಹೊರವಲಯದ ಮಿರಾಬೆಲ್ ನಿಲ್ದಾಣವನ್ನು ನೆಲೆಯಾಗಿ ಮಾಡಿಕೊಂಡಿರುವ ನೋಲಿನೋರ್ ಎಂಬ ವಿಮಾನ ಸಂಸ್ಥೆಯು ಬೋಯಿಂಗ್ 737-200 ಮಾದರಿಯ ಜೆಟ್‌ಗಳನ್ನು ಇಂದಿಗೂ ಪ್ರಯಾಣಿಕರ ಸೇವೆಯಲ್ಲಿ ದುಡಿಸುತ್ತಿದೆ. ಈ ಮಾದರಿಯು ವಾಣಿಜ್ಯ ಸೇವೆಗೆ ಬಂದದ್ದು 1968ರಲ್ಲಿ. ಇದರ ತಯಾರಿಕೆ ನಿಂತದ್ದು 1988ರಲ್ಲಿ. ಒಟ್ಟು 1,114 ವಿಮಾನಗಳು ಈ ಮಾದರಿಯಲ್ಲಿ ತಯಾರಾದವು. ಅವುಗಳಲ್ಲಿ ಬಹುಪಾಲು ಗುಜರಿ ಸೇರಿ ಎಷ್ಟೋ ಕಾಲವಾಗಿದೆ. ನಮ್ಮ ದೇಶದಲ್ಲಿಯೂ 1970ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಬೆನ್ನೆಲುಬಾಗಿದ್ದುದು ಇದೇ ಮಾದರಿ. ಹಿರಿಯ ವರ್ತಕರಲ್ಲಿ ಹಲವರು ಬೆಂಗಳೂರಿನಿಂದ ಮುಂಬಯಿಗೆ ಮೊಟ್ಟಮೊದಲ ಬಾರಿಗೆ ಜೆಟ್ ಹತ್ತಿದ್ದು ಇದರಲ್ಲಿಯೇ ಇರಬಹುದು. ಅಂತಹ ಯಂತ್ರವು ಐವತ್ತರ ಹೊಸ್ತಿಲಿನಲ್ಲಿ ನಿಂತು, ಹಿಮಪ್ರದೇಶದ ಗಣಿಗಳಿಗೆ ಕಾರ್ಮಿಕರನ್ನೂ ಸರಕನ್ನೂ ಹೊತ್ತೊಯ್ಯುತ್ತಿದೆ ಎಂದರೆ ಅದರ ಹಿಂದೆ ಹಳೆಯ ವಸ್ತುವಿನ ಮೇಲಿನ ಮೋಹವೇನೂ ಇಲ್ಲ. ಇರುವುದು ಅಚ್ಚುಕಟ್ಟಾದ ಲೆಕ್ಕ.

ಯಂತ್ರವನ್ನು ಯಾವಾಗ ಬದಲಾಯಿಸಬೇಕು ಎಂಬ ಪ್ರಶ್ನೆ ಕಾರ್ಖಾನೆ ನಡೆಸುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವಂಥದು. ಬೆಲೆ ಅತಿ ಹೆಚ್ಚು, ಕಾನೂನಿನ ಕಣ್ಗಾವಲು ಅತಿ ಬಿಗಿ, ತಪ್ಪಿದರೆ ಪ್ರಾಣಹಾನಿ, ಇಂತಹ ಉದ್ಯಮವು ಆ ಪ್ರಶ್ನೆಗೆ ಹೇಗೆ ಉತ್ತರ ಕಂಡುಕೊಂಡಿದೆ ಎಂಬುದನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಜಲ್ಲಿಕಲ್ಲಿನ ಮೇಲೆ ಇಳಿಯುವ ಜೆಟ್

ಉತ್ತರ ಕೆನಡಾದ ಅನೇಕ ಊರುಗಳಿಗೆ ಮತ್ತು ಗಣಿಗಳಿಗೆ ವರ್ಷವಿಡೀ ಬಳಸಬಹುದಾದ ರಸ್ತೆಯಿಲ್ಲ. ಅಲ್ಲಿನ ರನ್‌ವೇಗಳಲ್ಲಿ ಬಹಳಷ್ಟು ಡಾಂಬರು ಕಾಣದ ಜಲ್ಲಿಯ ಹಾಸುಗಳು. ಜೆಟ್ ಎಂಜಿನ್ನಿಗೆ ಜಲ್ಲಿಕಲ್ಲು ಪರಮ ಶತ್ರು. ಚಕ್ರ ಚಿಮ್ಮಿಸಿದ ಒಂದು ಹರಳು ಒಳಗೆ ಸೇರಿದರೂ ಲಕ್ಷಾಂತರ ಡಾಲರ್ ನಷ್ಟ. ಬೋಯಿಂಗ್ ಸಂಸ್ಥೆಯು 1969ರಲ್ಲಿಯೇ ಇದಕ್ಕೊಂದು ಪರಿಹಾರವನ್ನು ಒದಗಿಸಿತು. ಮುಂಚಕ್ರದ ಹಿಂದೆ ಕಲ್ಲನ್ನು ತಡೆಯುವ ಅಗಲವಾದ ಹಲಗೆ, ಹಿಂಚಕ್ರಗಳಿಗೆ ಚಿಕ್ಕ ತಡೆಗಳು, ಹೊಟ್ಟೆಯ ಭಾಗಕ್ಕೆ ಸವೆತ ತಾಳುವ ಲೇಪ, ಬ್ರೇಕಿನ ಕೊಳವೆಗಳಿಗೆ ಲೋಹದ ಕವಚ. ಇವೆಲ್ಲಕ್ಕಿಂತ ಜಾಣತನದ್ದು ಪ್ರತಿ ಎಂಜಿನ್ನಿನ ಕೆಳಗೆ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆ. ಎಂಜಿನ್ ಗಾಳಿಯನ್ನು ಸೆಳೆಯುವಾಗ ಅದರ ಬಾಯಿಯ ಕೆಳಗೆ ನೆಲದಿಂದ ಸುಳಿಯೊಂದು ಏಳುತ್ತದೆ. ಕಲ್ಲನ್ನು ಎತ್ತುವುದು ಆ ಸುಳಿಯೇ. ಎಂಜಿನ್ನಿನಿಂದಲೇ ತೆಗೆದ ಒತ್ತಡದ ಗಾಳಿಯನ್ನು ಈ ಕೊಳವೆಯ ಮೂಲಕ ಊದಿ, ಸುಳಿಯು ರೂಪುಗೊಳ್ಳದಂತೆ ಕದಡಿಬಿಡುವುದು ಉಪಾಯ.

1984ರಲ್ಲಿ ಸೇವೆಗೆ ಬಂದ ಮುಂದಿನ ಪೀಳಿಗೆಯ 737-300 ಇಂಧನದಲ್ಲಿ ಮಿತವ್ಯಯಿ. ಆದರೆ ಅದರ ಮಿತವ್ಯಯಕ್ಕೆ ಕಾರಣವಾದ ದಪ್ಪ ಎಂಜಿನ್ ರೆಕ್ಕೆಯ ಕೆಳಗೆ ನೆಲಕ್ಕೆ ತೀರ ಹತ್ತಿರವಾಗಿ ತೂಗುತ್ತದೆ. ಹಳೆಯ ಮಾದರಿಯ ಕಿರಿದಾದ, ರೆಕ್ಕೆಗೆ ಅಂಟಿಕೊಂಡಂತಿರುವ ಎಂಜಿನ್ನಿಗೆ ಒಗ್ಗಿದ ಜಲ್ಲಿರಕ್ಷೆ ಹೊಸದಕ್ಕೆ ಒಗ್ಗಲಿಲ್ಲ. ಹೀಗಾಗಿ ತಂತ್ರಜ್ಞಾನ ಮುಂದುವರಿದಂತೆ ಒಂದು ಸಾಮರ್ಥ್ಯವೇ ಮಾರುಕಟ್ಟೆಯಿಂದ ಕಣ್ಮರೆಯಾಯಿತು. ಆ ಸಾಮರ್ಥ್ಯ ಬೇಕಾದವರು ಹಳೆಯದನ್ನೇ ಕಾಪಾಡಿಕೊಳ್ಳಬೇಕಾಯಿತು. ಹೊಸ ಯಂತ್ರವು ಹಳೆಯದು ಮಾಡುತ್ತಿದ್ದ ಎಲ್ಲ ಕೆಲಸವನ್ನೂ ಮಾಡುತ್ತದೆ ಎಂಬ ನಂಬಿಕೆಯಿಂದ ಹಳೆಯದನ್ನು ಮಾರಿ ಪೇಚಾಡಿದವರು ಪೀಣ್ಯದ ಶೆಡ್ಡುಗಳಲ್ಲಿಯೂ ಕಡಿಮೆಯಿಲ್ಲ.

ಗಂಟೆಯ ಲೆಕ್ಕ

ನಮ್ಮ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ವಿಮಾನದ ಉಪಯುಕ್ತ ಆಯುಷ್ಯವನ್ನು 20 ವರ್ಷವೆಂದು ಹೇಳುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ವಿಮಾನಕ್ಕೆ ನಿಗದಿಯಾದ ಸವಕಳಿಯ ದರ ಶೇ. 40, ಸಾಮಾನ್ಯ ಯಂತ್ರಗಳಿಗೆ ಶೇ. 15. ಶೇ. 40ರ ದರದಲ್ಲಿ ಇಳಿಕೆ ಮೌಲ್ಯದ ಪದ್ಧತಿಯಂತೆ 100 ರೂಪಾಯಿಯ ಆಸ್ತಿಯು ಐದು ವರ್ಷಗಳಲ್ಲಿ 8 ರೂಪಾಯಿಗೂ ಕೆಳಗಿಳಿಯುತ್ತದೆ. ಇವೆರಡೂ ಲೆಕ್ಕಪುಸ್ತಕದ ಮಾತು. ಯಂತ್ರವು ಪುಸ್ತಕವನ್ನು ಓದಿ ಸಾಯುವುದಿಲ್ಲ. ಸವಕಳಿ ಪೂರ್ತಿಯಾದ ದಿನದಿಂದ ಅದು ಬಂಡವಾಳದ ಹೊರೆಯಿಲ್ಲದೆ ದುಡಿಯತೊಡಗುತ್ತದೆ. ಉಳಿಯುವುದು ಇಂಧನ, ದುರಸ್ತಿ ಮತ್ತು ಸಿಬ್ಬಂದಿಯ ಖರ್ಚು ಮಾತ್ರ.

ಇದನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕೆಳಗಿನ ಮೊತ್ತಗಳು ಕೇವಲ ಉದಾಹರಣೆಗಾಗಿ. ಹೊಸ ವಿಮಾನದ ಬಾಡಿಗೆ ತಿಂಗಳಿಗೆ 4 ಲಕ್ಷ ಡಾಲರ್, ಹಳೆಯದಕ್ಕೆ ತಗಲುವ ಬಂಡವಾಳ ವೆಚ್ಚ ತಿಂಗಳಿಗೆ 40 ಸಾವಿರ ಡಾಲರ್ ಎಂದು ಭಾವಿಸಬಹುದು. ಹಳೆಯ ವಿಮಾನವು ಹಾರಾಟದ ಪ್ರತಿ ಗಂಟೆಗೆ ಇಂಧನ ಮತ್ತು ದುರಸ್ತಿಯಲ್ಲಿ 2,500 ಡಾಲರ್‌ಗಳಷ್ಟು ಹೆಚ್ಚು ನುಂಗುತ್ತದೆ ಎಂದಿಟ್ಟುಕೊಂಡರೆ, ತಿಂಗಳಿಗೆ 300 ಗಂಟೆ ಹಾರಿಸುವ ಸಂಸ್ಥೆಗೆ ಹೊಸದರ ಬಂಡವಾಳ ವೆಚ್ಚ ಗಂಟೆಗೆ 1,333 ಡಾಲರ್. ಹಳೆಯದರದು 133 ಡಾಲರ್, ಅದಕ್ಕೆ ಹೆಚ್ಚುವರಿ 2,500 ಸೇರಿದರೆ 2,633 ಡಾಲರ್. ಹೊಸದೇ ಲಾಭ. ಅದೇ ತಿಂಗಳಿಗೆ 60 ಗಂಟೆ ಮಾತ್ರ ಹಾರಿಸುವವರಿಗೆ ಹೊಸದು ಗಂಟೆಗೆ 6,667 ಡಾಲರ್, ಹಳೆಯದು 3,167 ಡಾಲರ್. ಲೆಕ್ಕ ತಲೆಕೆಳಗಾಯಿತು. ಈ ಉದಾಹರಣೆಯಲ್ಲಿ ಎರಡೂ ಸಮನಾಗುವುದು ತಿಂಗಳಿಗೆ 144 ಗಂಟೆಗಳಲ್ಲಿ. ಅದಕ್ಕಿಂತ ಹೆಚ್ಚು ಕೆಲಸವಿದ್ದವನು ಹೊಸದನ್ನು ಕೊಳ್ಳಲಿ. ಕಡಿಮೆಯಿದ್ದವನು ಹಳೆಯದನ್ನು ಚೆನ್ನಾಗಿ ಎಣ್ಣೆ ಹಾಕಿ ಇಟ್ಟುಕೊಳ್ಳಲಿ ಎಂಬುದು ಇಲ್ಲಿನ ನ್ಯಾಯ. ಆದುದರಿಂದ ಯಂತ್ರ ಎಷ್ಟು ಹಳೆಯದು ಎಂಬುದಕ್ಕಿಂತ, ತಿಂಗಳಲ್ಲಿ ಅದಕ್ಕೆ ಎಷ್ಟು ಗಂಟೆ ಕೆಲಸವಿದೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಅಮೆರಿಕದ ಲಾಸ್ ವೇಗಾಸ್ ಮೂಲದ ಅಲೀಜಿಯಂಟ್ ಸಂಸ್ಥೆಯು ಈ ನ್ಯಾಯವನ್ನೇ ವ್ಯಾಪಾರವಾಗಿ ಬೆಳೆಸಿತು. ಬೇರೆಯವರು ಕೈಬಿಟ್ಟ ಎಂಡಿ-80 ವಿಮಾನಗಳನ್ನು ತಲಾ ಕೆಲವೇ ಮಿಲಿಯನ್ ಡಾಲರ್‌ಗಳಿಗೆ ಕೊಂಡು, ಸಣ್ಣ ಊರುಗಳಿಂದ ವಿಹಾರದ ಸ್ಥಳಗಳಿಗೆ ವಾರದಲ್ಲಿ ಕೆಲವು ದಿನ ಮಾತ್ರ ಹಾರಿಸಿತು. ಪ್ರಯಾಣಿಕರು ಕಡಿಮೆಯಿರುವ ವಾರದ ನಡುವಿನ ದಿನಗಳಲ್ಲಿ ವಿಮಾನಗಳು ಸುಮ್ಮನೆ ನಿಂತಿರುತ್ತಿದ್ದವು. ಸಾಲದ ಕಂತು ಕಟ್ಟಬೇಕಾದವನಿಗೆ ನಿಂತ ವಿಮಾನವೆಂದರೆ ನಿದ್ದೆಗೇಡು. ಇವರಿಗೆ ಆ ಚಿಂತೆಯಿರಲಿಲ್ಲ. 2008ರ ಜುಲೈನಲ್ಲಿ ಕಚ್ಚಾ ತೈಲವು ಪೀಪಾಯಿಗೆ 147 ಡಾಲರ್ ಮುಟ್ಟಿದಾಗಲೂ ಸಂಸ್ಥೆಯು ಉಳಿದುಕೊಂಡಿತು. ಆದರೆ ವ್ಯವಹಾರ ಬೆಳೆದು ವಿಮಾನಗಳ ಬಿಡುವು ಕಡಿಮೆಯಾದಂತೆ, ಬಳಸಿದ ಏರ್‌ಬಸ್ ವಿಮಾನಗಳು ಕೈಗೆಟುಕುವ ಬೆಲೆಗೆ ಬಂದಂತೆ ಲೆಕ್ಕವೂ ಬದಲಾಯಿತು. 2018ರ ನವೆಂಬರಿನಲ್ಲಿ ಕೊನೆಯ ಎಂಡಿ-80 ನಿವೃತ್ತವಾಯಿತು.

ಡೆಲ್ಟಾದಂತಹ ದೈತ್ಯ ಸಂಸ್ಥೆಯೂ ಇದೇ ಹಾದಿಯಲ್ಲಿ ನಡೆಯಿತು ಎಂಬುದು ಗಮನಾರ್ಹ. 2008ರಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯನ್ನು ವಿಲೀನ ಮಾಡಿಕೊಂಡಾಗ ಬಳುವಳಿಯಾಗಿ ಬಂದ ಡಿಸಿ-9 ವಿಮಾನಗಳನ್ನು ಅದು 2014ರ ಜನವರಿಯವರೆಗೂ ಹಾರಿಸಿತು. ಡಿಸಿ-9 ಮಾದರಿಯನ್ನು 1965ರಲ್ಲಿ ಮೊಟ್ಟಮೊದಲು ಸೇವೆಗಿಳಿಸಿದ್ದೂ ಡೆಲ್ಟಾ ಸಂಸ್ಥೆಯೇ. ಅನಂತರ ಬೇರೆಯವರು ಬೇಡವೆಂದ ಎಂಡಿ-90 ಮತ್ತು ಬೋಯಿಂಗ್ 717 ವಿಮಾನಗಳನ್ನು ಅದು ಕೂಡಿಸಿಕೊಂಡಿತು. ಹಳೆಯ ವಿಮಾನಕ್ಕೆ ಇಂಧನ ಹೆಚ್ಚು ಬೇಕಲ್ಲ ಎಂಬ ಕೊರಗಿಗೆ ಉತ್ತರವೋ ಎಂಬಂತೆ, 2012ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಂದು ತೈಲ ಶುದ್ಧೀಕರಣ ಕಾರ್ಖಾನೆಯನ್ನೇ 150 ಮಿಲಿಯನ್ ಡಾಲರ್‌ಗೆ ಕೊಂಡುಬಿಟ್ಟಿತು. ಈ ಖರೀದಿಯ ಜಾಣ್ಮೆಯ ಬಗ್ಗೆ ಎರಡು ಅಭಿಪ್ರಾಯಗಳಿರಲು ಸಾಧ್ಯ. ಹಳೆಯ ವಿಮಾನಗಳ ಬಗೆಗಿನ ಅದರ ನಿಲುವು ಮಾತ್ರ ಹಲವು ವರ್ಷ ಫಲ ನೀಡಿತು. 2020ರ ಕೋವಿಡ್ ಬಿಕ್ಕಟ್ಟಿನಲ್ಲಿ ಎಂಡಿ-88 ಮತ್ತು ಎಂಡಿ-90 ವಿಮಾನಗಳನ್ನು ಜೂನ್ 2ರಂದು ಒಂದೇ ದಿನ ಕೈಬಿಟ್ಟಾಗ, ಮುಂದೆ ಕಟ್ಟಬೇಕಾದ ದೊಡ್ಡ ಬಾಡಿಗೆಯ ಕರಾರುಗಳು ಬೆನ್ನಿಗಿದ್ದಿದ್ದರೆ ಇಷ್ಟು ಸುಲಭವಾಗಿ ಕೈಕೊಡವಿಕೊಳ್ಳಲು ಆಗುತ್ತಿರಲಿಲ್ಲ. ಸಂಕಷ್ಟಕಾಲದಲ್ಲಿ ಕೆಲಸ ನಿಲ್ಲಿಸಬಲ್ಲ ಸ್ವಾತಂತ್ರ್ಯಕ್ಕೂ ಒಂದು ಬೆಲೆಯಿದೆ. ಅದು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಆಸ್ಟ್ರೇಲಿಯದ ಬ್ರಿಸ್ಬೇನ್ ಮೂಲದ ಅಲಯನ್ಸ್ ಸಂಸ್ಥೆಯ ಉದಾಹರಣೆ ಇನ್ನೊಂದು ಬಗೆಯದು. ಗಣಿ ಕಾರ್ಮಿಕರನ್ನು ಪಾಳಿ ಬದಲಾಗುವ ದಿನಗಳಂದು ಒಯ್ದು ತರುವುದು ಅದರ ಮುಖ್ಯ ಕಸುಬು. ಇದಕ್ಕೆ ಅದು ಆರಿಸಿಕೊಂಡದ್ದು ಹಾಲೆಂಡಿನ ಫೋಕರ್ 100 ವಿಮಾನವನ್ನು. ಫೋಕರ್ ಕಂಪನಿಯು 1996ರ ಮಾರ್ಚಿನಲ್ಲಿ ದಿವಾಳಿಯಾಯಿತು. ತಯಾರಕನೇ ಇಲ್ಲದ ಯಂತ್ರವನ್ನು ಯಾರು ಕೊಂಡಾರು? ಆದರೆ ಬಿಡಿಭಾಗ ಮತ್ತು ದುರಸ್ತಿಯ ವಿಭಾಗವು ಬೇರೊಬ್ಬರ ಕೈಸೇರಿ ಉಳಿದುಕೊಂಡಿತು. 2015ರಲ್ಲಿ ಆಸ್ಟ್ರಿಯನ್ ಏರ್‌ಲೈನ್ಸ್ ತನ್ನ 21 ಫೋಕರ್ ವಿಮಾನಗಳನ್ನು ಮಾರಿದಾಗ ಅಲಯನ್ಸ್ ಎಲ್ಲವನ್ನೂ ಒಟ್ಟಿಗೆ ಕೊಂಡಿತು. ಎಲ್ಲವನ್ನೂ ಹಾರಿಸುವ ಉದ್ದೇಶ ಅದಕ್ಕಿರಲಿಲ್ಲ. ಕೆಲವು ಹಾರಲು, ಕೆಲವು ಬಿಚ್ಚಿ ಬಿಡಿಭಾಗ ಮಾಡಲು ಮತ್ತು ಮಾರಲು. ಮಾರುಕಟ್ಟೆಯಲ್ಲಿ ಬೇಡಿಕೆ ಇಳಿದಾಗ ದಾಸ್ತಾನು ಕಟ್ಟಿಕೊಳ್ಳುವ ಈ ಧೈರ್ಯ ಯಾವ ಕಿರಾಣಿ ವರ್ತಕನಿಗೂ ಅಪರಿಚಿತವಲ್ಲ.

ವಯಸ್ಸು ಮತ್ತು ಅಪಾಯ

ಹಳೆಯ ವಿಮಾನ ಅಪಾಯಕಾರಿಯೇ? 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಅಲೋಹಾ ಸಂಸ್ಥೆಯ 737-200 ವಿಮಾನವೊಂದರ ಮುಂಭಾಗದ ಮೇಲ್ಛಾವಣಿ ಆಕಾಶದಲ್ಲಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಜನರೊಂದಿಗೆ ವಿಮಾನವು ಮಾವಿ ದ್ವೀಪದಲ್ಲಿ ಇಳಿದದ್ದು ಪವಾಡಸದೃಶ. ಅದರ ವಯಸ್ಸು 19 ವರ್ಷ ಮಾತ್ರ. ಆದರೆ ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟಗಳನ್ನು ಮಾಡುತ್ತ ಅದು 89,680 ಬಾರಿ ಏರಿ ಇಳಿದಿತ್ತು. ವಿನ್ಯಾಸಕಾರರು ಎಣಿಸಿದ್ದು 75,000. ಪ್ರತಿ ಏರಿಕೆಯಲ್ಲಿ ಒಳಗಿನ ಗಾಳಿಯ ಒತ್ತಡದಿಂದ ವಿಮಾನದ ಒಡಲು ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಸಮುದ್ರದ ಉಪ್ಪುಗಾಳಿಯಿಂದ ತುಕ್ಕು ಹಿಡಿದು ಸಡಿಲಗೊಂಡ ಜೋಡಣೆಗಳಲ್ಲಿ, ಸಾಲು ರಿವೆಟ್ಟುಗಳ ಸುತ್ತ ಸೂಕ್ಷ್ಮ ಬಿರುಕುಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡವು. ಅಮೆರಿಕದಲ್ಲಿ 1991ರಲ್ಲಿ ವೃದ್ಧ ವಿಮಾನಗಳ ಸುರಕ್ಷತೆಗಾಗಿಯೇ ಕಾಯ್ದೆ ಬಂತು. 2011ರಲ್ಲಿ ಜಾರಿಗೆ ಬಂದ ನಿಯಮದಂತೆ, ದೊಡ್ಡ ವಿಮಾನಗಳ ಒಡಲು ಎಷ್ಟು ಹಾರಾಟಗಳವರೆಗೆ ಸುರಕ್ಷಿತವೆಂದು ಸಾಬೀತಾಗಿದೆಯೋ ಆ ಮಿತಿಯನ್ನು ತಯಾರಕರೇ ಘೋಷಿಸಬೇಕು. ಅದನ್ನು ಮೀರಿ ಹಾರಿಸುವಂತಿಲ್ಲ.

ಎಂದರೆ ವಿಮಾನದ ನಿಜವಾದ ವಯಸ್ಸನ್ನು ಎಣಿಸುವುದು ಏರಿಳಿತಗಳಿಂದ. ನೋಲಿನೋರ್ ಅಥವಾ ಅಲಯನ್ಸ್ ವಿಮಾನಗಳಂತೆ ಕಡಿಮೆ ಹಾರಾಡುವ ಯಂತ್ರಕ್ಕೆ ಐವತ್ತು ಕ್ಯಾಲೆಂಡರುಗಳು ಮುಗಿದರೂ ದೇಹದಲ್ಲಿ ಇನ್ನೂ ಆಯುಷ್ಯವಿರಲು ಸಾಧ್ಯ. ಮೇಲಾಗಿ ಅದು ಪೂರ್ತಿ ಹಳೆಯದೂ ಅಲ್ಲ. ಎಂಜಿನ್, ಚಕ್ರದ ಕಾಲುಗಳು, ಪಂಪು, ವೈರಿಂಗು ಎಲ್ಲವೂ ಕಾಲಕಾಲಕ್ಕೆ ಬದಲಾಗುತ್ತವೆ ಅಥವಾ ಪೂರ್ಣ ದುರಸ್ತಿಯಾಗುತ್ತವೆ. ಹಲವು ವರ್ಷಗಳಿಗೊಮ್ಮೆ ಇಡೀ ವಿಮಾನವನ್ನು ಬಿಚ್ಚಿ ಅಸ್ಥಿಪಂಜರದವರೆಗೆ ಪರೀಕ್ಷಿಸುವ ಮಹಾತಪಾಸಣೆ ನಡೆಯುತ್ತದೆ. ಇದರ ಖರ್ಚನ್ನು ಆ ವರ್ಷದ ದುರಸ್ತಿ ಖಾತೆಗೆ ಹಾಕದೆ ಆಸ್ತಿಯ ಭಾಗವಾಗಿ ಪರಿಗಣಿಸಿ, ಮುಂದಿನ ತಪಾಸಣೆಯವರೆಗೆ ಹಂಚಬೇಕೆಂದು ಭಾರತೀಯ ಲೆಕ್ಕಪತ್ರ ಮಾನದಂಡ 16 ಹೇಳುವುದೂ ಈ ಕಾರಣಕ್ಕೇ. ಹಳೆಯ ವಿಮಾನಗಳಲ್ಲಿ ಅನೇಕವು ಗುಜರಿಗೆ ಹೋಗುವುದು ಕೆಟ್ಟುಹೋದ ದಿನವಲ್ಲ. ಮಹಾತಪಾಸಣೆಯ ದಿನ ಬಂದು, ಅದರ ಬಿಲ್ಲು ವಿಮಾನದ ಬೆಲೆಯನ್ನೇ ಮೀರಿಸಿದಾಗ.

ನಮ್ಮ ಅನುಭವವೂ ವಯಸ್ಸೊಂದನ್ನೇ ದೂರಬಾರದೆಂಬುದಕ್ಕೆ ಸಾಕ್ಷಿ. 2000ದ ಜುಲೈನಲ್ಲಿ ಪಟ್ನಾದಲ್ಲಿ ಅಲಯನ್ಸ್ ಏರ್ ಸಂಸ್ಥೆಯ 737-200 ಪತನಗೊಂಡು, ನೆಲದ ಮೇಲಿದ್ದ ಐವರೂ ಸೇರಿ 60 ಜನ ಸತ್ತಾಗ, 20 ವರ್ಷದ ಮುದಿ ವಿಮಾನವೇ ಕಾರಣವೆಂದು ದೇಶವಿಡೀ ಕೂಗೆದ್ದಿತು. ತನಿಖೆಯು ಕಂಡದ್ದು ಇಳಿಯುವ ಕ್ರಮದಲ್ಲಿ ಚಾಲಕರಿಂದಾದ ಲೋಪವನ್ನು. ಅದಕ್ಕೂ ಹತ್ತು ವರ್ಷ ಮೊದಲು, 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಬಿದ್ದು 92 ಜನರನ್ನು ಬಲಿ ತೆಗೆದುಕೊಂಡ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320, ಹಿಂದಿನ ವರ್ಷದ ಕೊನೆಯಲ್ಲಷ್ಟೇ ಬಂದಿದ್ದ ಹೊಚ್ಚಹೊಸ ವಿಮಾನ.

ಅನಿವಾರ್ಯತೆಯ ಮುಪ್ಪು

ಲೆಕ್ಕ ಹಾಕಿ ಹಳೆಯದನ್ನು ಉಳಿಸಿಕೊಳ್ಳುವುದು ಬೇರೆ; ಬೇರೆ ದಾರಿಯಿಲ್ಲದೆ ಉಳಿಸಿಕೊಳ್ಳುವುದು ಬೇರೆ. ಇರಾನ್ ಎರಡನೆಯದಕ್ಕೆ ನಿದರ್ಶನ. 1979ರ ನಂತರದ ಅಮೆರಿಕದ ನಿರ್ಬಂಧಗಳಿಂದಾಗಿ ಅಲ್ಲಿಗೆ ಹೊಸ ವಿಮಾನವಾಗಲಿ, ಅಧಿಕೃತ ಬಿಡಿಭಾಗವಾಗಲಿ ತಲುಪುವುದು ದುಸ್ತರವಾಯಿತು. ಮೂರು ಎಂಜಿನ್ನಿನ ಬೋಯಿಂಗ್ 727 ಪ್ರಪಂಚದ ಬೇರೆಡೆ ಪ್ರಯಾಣಿಕ ಸೇವೆಯಿಂದ ಮರೆಯಾದ ಮೇಲೂ ಇರಾನಿನ ಆಸೆಮಾನ್ ಸಂಸ್ಥೆ ಅದನ್ನು 2019ರ ಜನವರಿಯವರೆಗೆ ಹಾರಿಸಿತು. ಪರಮಾಣು ಒಪ್ಪಂದದ ಬೆನ್ನಿಗೆ 2016ರಲ್ಲಿ ಇರಾನ್ ಏರ್ ಸಂಸ್ಥೆಯು 100 ಏರ್‌ಬಸ್ ಮತ್ತು 80 ಬೋಯಿಂಗ್ ವಿಮಾನಗಳಿಗೆ ಕರಾರು ಮಾಡಿಕೊಂಡಿತು. 2018ರಲ್ಲಿ ಒಪ್ಪಂದದಿಂದ ಹೊರಬಂದ ಅಮೆರಿಕ ನಿರ್ಬಂಧಗಳನ್ನು ಮರಳಿ ಹೇರುವಷ್ಟರಲ್ಲಿ ಅಲ್ಲಿಗೆ ತಲುಪಿದ್ದು ಮೂರು ಏರ್‌ಬಸ್ ಮತ್ತು 13 ಎಟಿಆರ್ ವಿಮಾನಗಳು. ಬೋಯಿಂಗ್ ಒಂದೂ ಇಲ್ಲ. ಬಿಡಿಭಾಗ ಸಿಗದ ನಾಡಿನಲ್ಲಿ ಒಂದು ವಿಮಾನ ಹಾರಲು ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಇದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು.

ಬಿಡಿಭಾಗವೆಂದರೆ ಈ ಉದ್ಯಮದಲ್ಲಿ ಅರ್ಧ ಲೋಹ, ಅರ್ಧ ಕಾಗದ. ಯಾವ ವಿಮಾನದಲ್ಲಿ ಎಷ್ಟು ಗಂಟೆ ದುಡಿಯಿತು, ಯಾರು ದುರಸ್ತಿ ಮಾಡಿದರು, ಯಾರು ಪ್ರಮಾಣೀಕರಿಸಿದರು ಎಂಬ ದಾಖಲೆಯಿಲ್ಲದ ತಿರುಪೂ ಗುಜರಿಯೇ. ನಿವೃತ್ತ ವಿಮಾನದ ಬೆಲೆಯಲ್ಲಿ ಸಿಂಹಪಾಲು ಅದರ ಎಂಜಿನ್ನುಗಳದು. ಇನ್ನೂ ಒಂದಷ್ಟು ಗಂಟೆಗಳ ಆಯುಷ್ಯ ಉಳಿದಿರುವ ಎಂಜಿನ್ನನ್ನು ಕೊಂಡು ಹಾಕಿಕೊಂಡರೆ ಪೂರ್ಣ ದುರಸ್ತಿಯ ಖರ್ಚು ತಪ್ಪುತ್ತದೆ. ಆದರೆ ಅದೂ ದಾಖಲೆ ನೆಟ್ಟಗಿದ್ದರೆ ಮಾತ್ರ. 2023ರಲ್ಲಿ ಲಂಡನ್ನಿನ ವಿತರಕ ಸಂಸ್ಥೆಯೊಂದು ಖೋಟಾ ಪ್ರಮಾಣಪತ್ರಗಳೊಡನೆ ಎಂಜಿನ್ ಬಿಡಿಭಾಗಗಳನ್ನು ಮಾರಿದ್ದು ಬಯಲಾದಾಗ, ಹಲವು ದೇಶಗಳ ವಿಮಾನ ಸಂಸ್ಥೆಗಳು ಎಂಜಿನ್ನುಗಳನ್ನು ಇಳಿಸಿ ಹುಡುಕಬೇಕಾಯಿತು. ಏರ್‌ಬಸ್ ಮತ್ತು ಬೋಯಿಂಗ್ ಸಂಸ್ಥೆಗಳಿಗೆ ಭಾಗಗಳನ್ನು ಒದಗಿಸುವ ಬೆಂಗಳೂರಿನ ಕಾರ್ಖಾನೆಗಳು ದಾಖಲೆಗಳಿಗೆ ಕೊಡುವ ಮಹತ್ವವು ಹೊರಗಿನವರಿಗೆ ಅತಿಯೆನಿಸಬಹುದು. ಆದರೆ ಈ ವ್ಯಾಪಾರದಲ್ಲಿ ಕಡತವೂ ಸರಕೇ.

ಹೊಸದರ ಅಭಾವ

ಇತ್ತೀಚಿನ ವರ್ಷಗಳಲ್ಲಿ ಹಳೆಯ ವಿಮಾನಗಳ ಭಾಗ್ಯ ಅನಿರೀಕ್ಷಿತವಾಗಿ ತೆರೆದಿದೆ. ಎರಡು ಭೀಕರ ಅಪಘಾತಗಳ ನಂತರ 2019ರ ಮಾರ್ಚಿನಲ್ಲಿ ಬೋಯಿಂಗ್ 737 ಮ್ಯಾಕ್ಸ್ ನೆಲಹಿಡಿಯಿತು. ಆಮೇಲೆ ಕೋವಿಡ್, ಅದರ ಬೆನ್ನಿಗೆ ಕಚ್ಚಾವಸ್ತು ಮತ್ತು ಕುಶಲ ಕಾರ್ಮಿಕರ ಕೊರತೆ. 2023ರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ ಸಂಸ್ಥೆಯ ಹೊಸ ಎಂಜಿನ್ನುಗಳಲ್ಲಿ ಬಳಸಿದ ಲೋಹದ ಪುಡಿಯಲ್ಲಿ ದೋಷ ಕಂಡುಬಂದು, ವಿಶ್ವದಾದ್ಯಂತ ನೂರಾರು ಎಳೆಯ ವಿಮಾನಗಳು ತಪಾಸಣೆಗಾಗಿ ಸಾಲುಗಟ್ಟಿ ನಿಂತವು. ಭಾರತದಲ್ಲಿ ಗೋ ಫಸ್ಟ್ ಸಂಸ್ಥೆಯು ಎಂಜಿನ್ ಪೂರೈಕೆಯನ್ನೇ ದೂರಿ 2023ರ ಮೇ ತಿಂಗಳಿನಲ್ಲಿ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು. ಇಂಡಿಗೋ ಸಂಸ್ಥೆಯದು ಇದಕ್ಕೂ ಬೋಧಪ್ರದ. ಹೊಸ ವಿಮಾನ ಪಡೆಯುವುದು, ಅದನ್ನು ಮಾರಿ ಬಾಡಿಗೆಗೆ ಮರಳಿ ಪಡೆಯುವುದು, ಕೆಲವು ವರ್ಷ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಸಿ ಹಿಂದಿರುಗಿಸುವುದು ಅದರ ಪದ್ಧತಿ. ಮೇಲಿನ ಗಂಟೆಯ ಲೆಕ್ಕದಂತೆ ಅದು ಸರಿಯಾದ ಪದ್ಧತಿಯೇ. ಆದರೂ ಎಪ್ಪತ್ತರಷ್ಟು ವಿಮಾನಗಳು ಎಂಜಿನ್ನಿಲ್ಲದೆ ನಿಂತಾಗ, ಹಿಂದಿರುಗಿಸಬೇಕಾಗಿದ್ದ ಹಳೆಯ ಎ-320ಗಳ ಬಾಡಿಗೆಯ ಅವಧಿಯನ್ನೇ ಅದು ವಿಸ್ತರಿಸಬೇಕಾಯಿತು.

ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವು 2024ರ ಡಿಸೆಂಬರಿನಲ್ಲಿ ನೀಡಿದ ಅಂಕಿಗಳಂತೆ ವಿಶ್ವದ ವಿಮಾನಗಳ ಸರಾಸರಿ ವಯಸ್ಸು 14.8 ವರ್ಷಕ್ಕೆ ಏರಿತ್ತು. ಅದು ಆವರೆಗಿನ ದಾಖಲೆ. ಪೂರೈಕೆಯಾಗದೆ ಉಳಿದ ಬೇಡಿಕೆ 17,000 ವಿಮಾನಗಳು. ಇದರ ಹೊರೆಯನ್ನು ಇಂಧನದ ಬಿಲ್ಲಿನ ರೂಪದಲ್ಲಿ ಸಂಸ್ಥೆಗಳೂ, ಟಿಕೆಟ್ಟಿನ ರೂಪದಲ್ಲಿ ಪ್ರಯಾಣಿಕರೂ ಹೊರುತ್ತಿದ್ದಾರೆ. ಲಾಭ ಮಾಡಿಕೊಳ್ಳುತ್ತಿರುವವರು ಹಳೆಯ ಎಂಜಿನ್ನುಗಳ ಒಡೆಯರು ಮತ್ತು ದುರಸ್ತಿಗಾರರು.

ಕೆನಡಾದ ಉತ್ತರಕ್ಕೆ ಮರಳಿದರೆ, ಅಲ್ಲಿನ ಹಳೆಯ ಜೆಟ್‌ಗಳ ಉತ್ತರಾಧಿಕಾರಿ ಯಾರೆಂಬ ಪ್ರಶ್ನೆ ಬಗೆಹರಿದಿಲ್ಲ. ಜಲ್ಲಿಯ ಮೇಲೆ ಇಳಿಯಬಲ್ಲ ಇನ್ನೊಂದು ಜೆಟ್ ಆದ ಬ್ರಿಟನ್ನಿನ ಆವ್ರೋ ಆರ್‌ಜೆ ತಯಾರಿಕೆಯೂ 2000ರ ದಶಕದ ಆರಂಭದಲ್ಲಿಯೇ ನಿಂತುಹೋಗಿದೆ. ಪಂಖದ ಎಂಜಿನ್ನಿನ ವಿಮಾನಗಳು ಇಳಿಯಬಲ್ಲವು, ಆದರೆ ವೇಗವೂ ಕಡಿಮೆ, ಹೊರೆಯೂ ಕಡಿಮೆ. ರನ್‌ವೇಗಳಿಗೆ ಡಾಂಬರು ಹಾಕೋಣವೆಂದರೆ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು. ಕಪ್ಪು ಹಾಸು ಬಿಸಿಲನ್ನು ಹೀರಿ ಆ ಮಣ್ಣನ್ನು ಕರಗಿಸಿದರೆ ರನ್‌ವೇ ಅಲ್ಲಲ್ಲಿ ಕುಸಿಯುತ್ತದೆ. ಜಲ್ಲಿಯಾದರೆ ಬೇಸಿಗೆ ಬಂದಾಗ ಮತ್ತೆ ಹರಡಿ ಮಟ್ಟ ಮಾಡಿದರೆ ಸಾಕು. ಅಲ್ಲಿಯವರೆಗೆ, 1988ರಲ್ಲಿ ತಯಾರಿಕೆ ನಿಂತ ಯಂತ್ರಕ್ಕೆ ಮರುಭೂಮಿಯ ವಿಮಾನ ಸ್ಮಶಾನಗಳಲ್ಲಿ ಬಿಡಿಭಾಗ ಹುಡುಕುವ ಕೆಲಸ ನಡೆದೇ ಇರುತ್ತದೆ.